ಸ್ವಿಚ್ ಒತ್ತುವ ಅತಿಥಿ

ದಾನೇಶ್ವರಿಯ ಹತ್ತಿರ ತರಬೇತಿಯ ಸರ್ಟಿಫಿಕೇಟ್ ಇರಲಿಲ್ಲ. ರಾಯಚೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಮೂರು ವರ್ಷದಿಂದ ರಕ್ತಹೀನತೆಯ ಬಗ್ಗೆ ಕೆಲಸ ಮಾಡುತ್ತಿದ್ದಳು. ಬಸ್ಸಿನಲ್ಲಿ ದೇವದುರ್ಗದ ಹಳ್ಳಿಗಳಿಗೆ ಹೋಗಿ, ಗರ್ಭಿಣಿಯರ ರಕ್ತ ತಂದು, ಫ್ರೀಜರಿನಲ್ಲಿ ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಇಟ್ಟಿದ್ದಳು. ಅವಳ ಪಿಎಚ್‌ಡಿ ಅಂದರೆ ಆ ಫ್ರೀಜರೇ. ಈಗ ಹೊಸ ನಿಯಮ ಬಂದಿತ್ತು: ತರಬೇತಿ ಆಗದವರು ಫ್ರೀಜರಿನ ಸ್ವಿಚ್ ಮುಟ್ಟುವಂತಿಲ್ಲ.

ತರಬೇತಿ ಮಾನ್ವಿಯ ಒಂದು ಕಲ್ಯಾಣ ಮಂಟಪದಲ್ಲಿ, ಮೇ ತಿಂಗಳಲ್ಲಿ. ವಿಷಯ, ರಕ್ತದ ಮಾದರಿಗಳನ್ನು ಕೆಡದಂತೆ ಕಾಪಾಡುವುದು. ಮಾಡಿ ತೋರಿಸಲಿಕ್ಕೆಂದು ಸಂಯೋಜಕ ಪಂಪಾಪತಿ ಅವಳ ಫ್ರೀಜರನ್ನೇ ಬೆಳಿಗ್ಗೆ ಆರಕ್ಕೆ ಟೆಂಪೋಗೆ ಹತ್ತಿಸಿದ.

"ಸರ್, ಒಳಗಿನ ಟ್ಯೂಬ್ ತಗಿಯೋಣ್ರಿ. ಬ್ಯಾರೆ ಕಡಿ ಇಡ್ತೀನಿ."

"ಖಾಲಿ ಫ್ರೀಜರ್ ಯಾರರ ಉದ್ಘಾಟನಿ ಮಾಡ್ತಾರೇನ್ರಿ ಮೇಡಂ? ಖಾಲಿ ಕೊಡ ಎದುರಿಗೆ ಬಂದಂಗ ಆಕ್ಕದ. ತುಂಬಿದ್ದೇ ಇರಲಿ. ಹೋದಕೂಡ್ಲೇ ಕರೆಂಟ್ ಕೊಡೋಣು."

ಕೊಡಲಿಲ್ಲ. ಮುಖ್ಯ ಅತಿಥಿ ಫ್ರೀಜರಿನ ಸ್ವಿಚ್ ಒತ್ತಿ ತರಬೇತಿ ಉದ್ಘಾಟಿಸಬೇಕಿತ್ತು. ಸ್ವಿಚ್ಚಿಗೆ ಕೆಂಪು ರಿಬ್ಬನ್ ಕಟ್ಟಿದ್ದರು, ಫ್ರೀಜರಿಗೆ ಚೆಂಡುಹೂವಿನ ಹಾರ ಹಾಕಿ ಕುಂಕುಮ ಹಚ್ಚಿದ್ದರು. ಅತಿಥಿ ದೇವದುರ್ಗ ಬಿಟ್ಟಿದ್ದರಂತೆ. ಸಿರವಾರದಲ್ಲಿ ಒಂದು ಮದುವೆಗೆ ಇಳಿದಿದ್ದರಂತೆ.

ಹತ್ತೂವರೆಗೆ ದಾನೇಶ್ವರಿ ರಿಬ್ಬನ್ನಿಗೆ ಕೈ ಹಾಕಿದಳು. ಪಂಪಾಪತಿ ಓಡಿ ಬಂದ.

"ಏನ್ ಮಾಡಾಕತ್ತೀರಿ? ನಿಮಗಿನ್ನೂ ತರಬೇತಿ ಆಗಿಲ್ಲ."

"ಒಳಗ ಕರಗಾಕತ್ತದ್ರಿ ಸರ್!"

"ಅದಕ್ಕೇ ತರಬೇತಿ ಇಟ್ಟೀವಿ. ಕುಂದರ್ರಿ. ಇನ್ನೊಮ್ಮೆ ಮುಟ್ಟಿದ್ರ ಹಾಜರಿಯೊಳಗ ನಿಮ್ಮ ಹೆಸರೇ ಹೊಡದು ಹಾಕ್ತೀನಿ."

ಸೆಕೆ ಏರಿತು. ತರಬೇತಿಗೆ ಬಂದವರು ಒಬ್ಬೊಬ್ಬರಾಗಿ ಫ್ರೀಜರಿನ ಬಾಗಿಲು ತೆಗೆದು ಮುಖ ಒಡ್ಡತೊಡಗಿದರು. ಟೆಂಪೋ ಡ್ರೈವರ್ ಅಬ್ದುಲ್ ವಹೀದ್ ಅತಿಥಿಗಳ ಮಜ್ಜಿಗೆ ಪ್ಯಾಕೆಟ್ಟುಗಳನ್ನು ಒಳಗಿಟ್ಟ. ದಾನೇಶ್ವರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕಾರ, ಸರೀರಿ ಅತ್ಲಾಗ," ಅಂದ ವಹೀದ್. "ಸೆಕಿ ನಿಮಗೊಬ್ಬರಿಗೇ ಏನು?"

ಮೂರೂವರೆಗೆ ಅತಿಥಿ ಬಂದರು. ಸ್ವಾಗತ, ಶಾಲು, ಹಾರ, ಭಾಷಣ ಮುಗಿದ ಮೇಲೆ ಸ್ವಿಚ್ ಒತ್ತಿದರು. ಫೋಟೋದವನು ಸರಿ ಬರಲಿಲ್ಲ ಅಂದ. ಆರಿಸಿ ಮತ್ತೊಮ್ಮೆ ಒತ್ತಿದರು. ಚಪ್ಪಾಳೆ. ಬಾಗಿಲು ತೆಗೆದು ಒಂದು ಟ್ಯೂಬ್ ಎತ್ತಿ ಅಲ್ಲಾಡಿಸಿದರು. ಮಂಜುಗಡ್ಡೆಯಾಗಿರಬೇಕಾದ ರಕ್ತ ನೀರಿನಂತೆ ತುಳುಕಿತು.

"ಭಾಳ ಚಲೋ ಇಟ್ಟೀರಿ. ಈಗಷ್ಟೇ ತಗದಂಗ ಅದ ನೋಡ್ರಿ."

ಪಂಪಾಪತಿ ಆ ಮಾತನ್ನು ಮೈಕಿನಲ್ಲಿ ಎರಡು ಸಲ ಹೇಳಿದ.

ಸಂಜೆ ದಾನೇಶ್ವರಿ ಎಲ್ಲವನ್ನೂ ಹೊರಗಿಟ್ಟು ಎಣಿಸಿದಳು. ಹನ್ನೊಂದು ಹಳ್ಳಿ. ಆರುನೂರ ನಲವತ್ತೆರಡು ಟ್ಯೂಬ್. ಒಂದೂ ಕೆಡದೆ ಉಳಿದಿರಲಿಲ್ಲ.