ಹದಿಮೂರನೆಯ ಸಾಲು

ಊಟವಾದ ಮೇಲೆ ನಮ್ಮ ಕಚೇರಿಯಲ್ಲಿ ಫ್ಯಾನು ಕೂಡ ತೂಕಡಿಸುತ್ತದೆ. ಇರುವುದೇ ಇಬ್ಬರು, ನಾನು ಮತ್ತು ಅಣ್ಣ. ಕಟ್ಟಡಗಳ ಭಾರ ಲೆಕ್ಕ ಹಾಕಿ ನಕ್ಷೆ ಮಾಡಿಕೊಡುವುದು ನಮ್ಮ ಕಸುಬು. ನಲವತ್ತು ವರ್ಷ ನಕ್ಷೆಗಳಿಗೆ ಸಹಿ ಹಾಕಿದ ಅಣ್ಣನಿಗೆ ಅಂದು ಕೆಲಸದ ಕೊನೆಯ ದಿನ. ಕೊನೆಯ ನಕ್ಷೆಗೆ ಬೆಳಗ್ಗೆಯೇ ಸಹಿ ಬಿದ್ದಿತ್ತು. ತರಕಾರಿ ಮಾರುಕಟ್ಟೆಗೊಂದು ತಗಡಿನ ಚಾವಣಿ. ಎತ್ತರದ ಉಕ್ಕಿನ ಕಂಬಗಳು, ಸುತ್ತ ಗೋಡೆಯಿಲ್ಲ, ಕಂಬಗಳ ಬುಡಕ್ಕೆ ನೆಲದೊಳಗೆ ಕಾಂಕ್ರೀಟಿನ ಫೂಟಿಂಗು. ನಾಲ್ಕು ಗಂಟೆಗೆ ಕಾಂಕ್ರೀಟಿನ ಲಾರಿ ಬರುತ್ತದೆ ಎಂದು ಮೇಸ್ತ್ರಿ ಆಗಲೇ ಎರಡು ಸಲ ಫೋನು ಮಾಡಿದ್ದ.

ಲೆಕ್ಕ ನನ್ನದೇ. ಕಟ್ಟಡದ ಸ್ವಂತ ತೂಕ, ಮೇಲೆ ಹತ್ತುವವರ ತೂಕ, ಗಾಳಿ, ಭೂಕಂಪ. ಯಾವುದರ ಜೊತೆ ಯಾವುದು ಬಂದರೆ ಏನಾದೀತು ಎಂದು ಹದಿಮೂರು ಜೋಡಣೆಗಳು. ಹೆಚ್ಚು ಭಾರದ್ದು ಮೇಲೆ ಬರುವಂತೆ ಪಟ್ಟಿ ಮಾಡಿ, ಮೇಲಿನ ಐದು ಸಾಲು ಇಟ್ಟುಕೊಂಡು, ಉಳಿದದ್ದನ್ನು ಪರದೆಯಲ್ಲಿ ಮುಚ್ಚಿಬಿಡುವುದು ಅಣ್ಣ ಕಲಿಸಿದ ಪದ್ಧತಿ. "ಭಾರವಾದದ್ದನ್ನ ಗೆದ್ರೆ ಸಾಕು ಪುಟ್ಟಿ, ಹಗುರವಾದದ್ದು ತನ್ನ ಪಾಡು ತಾನು ನೋಡ್ಕೊಳ್ಳುತ್ತೆ" ಅನ್ನುತ್ತಿದ್ದ. ನನಗೀಗ ಐವತ್ತೊಂದು. ಇನ್ನೂ ಪುಟ್ಟಿಯೇ.

ಎದುರಿನ ಮೇಜಿನಲ್ಲಿ ಅವನು ಡ್ರಾಯರು ಖಾಲಿ ಮಾಡುತ್ತಿದ್ದ. ಅತ್ತಿಗೆ ತೀರಿಕೊಂಡು ವರ್ಷವಾಗಿತ್ತು. ಅವನ ಅಂಗಿಯೊಳಗೆ ಈಗ ಇನ್ನೊಬ್ಬ ಅಣ್ಣ ಹಿಡಿಸುತ್ತಾನೆ. ಸ್ಕೇಲು, ಪೆನ್ಸಿಲು, ಒಣಗಿದ ಇಂಕಿನ ಬಾಟಲಿ ಒಂದೊಂದೇ ರಟ್ಟಿನ ಪೆಟ್ಟಿಗೆಗೆ ಬೀಳುವ ಸದ್ದು ಕೇಳುತ್ತ ಕೇಳುತ್ತ ನನಗೆ ಜೊಂಪು ಹತ್ತಿತು.

ನಾನು ಆ ಮಾರುಕಟ್ಟೆಯಲ್ಲಿದ್ದೆ. ಇನ್ನೂ ಕಟ್ಟದ ಚಾವಣಿ ತಲೆಯ ಮೇಲಿತ್ತು. ಅದೇನೂ ವಿಚಿತ್ರ ಅನಿಸಲಿಲ್ಲ. ಅಂಚಿನಲ್ಲಿ ಜನ ಸಾಲಾಗಿ ಕೂತು ಕಾಲು ಇಳಿಬಿಟ್ಟಿದ್ದರು. ರಿಪೇರಿಯವರು, ಬಣ್ಣ ಬಳಿಯುವವರು, ಅವರ ನಡುವೆ ಅದೇಕೋ ಅತ್ತಿಗೆಯೂ ಉಲ್ಲನ್ ಹೆಣೆಯುತ್ತ. ಒಬ್ಬೊಬ್ಬರೇ ಏಣಿ ಇಳಿದು ಹೋದರು. ಕೊನೆಗೆ ಅತ್ತಿಗೆಯೂ ಇಳಿದರು, ಹಿಂತಿರುಗಿ ನೋಡಲಿಲ್ಲ. ಆಮೇಲೆ ಗಾಳಿ ಬಂತು. ಪಕ್ಕದಿಂದ ನುಗ್ಗಿ, ಚಾವಣಿಯ ಕೆಳಗೆ ಸೇರಿಕೊಂಡು, ಬೆನ್ನು ಕೊಟ್ಟು ನಿಧಾನವಾಗಿ ಎತ್ತತೊಡಗಿತು. ಕಂಬವೊಂದು ಸಡಿಲ ಮಣ್ಣಿನ ಮೂಲಂಗಿಯ ಹಾಗೆ ಫೂಟಿಂಗು ಸಮೇತ ಮೇಲೆದ್ದಿತು. ಅದನ್ನು ತಬ್ಬಿಕೊಂಡು ಅಣ್ಣ. ಅಂಗಿ ಪಟಪಟ ಬಡಿಯುತ್ತಿತ್ತು, ಪಾದ ನೆಲ ಬಿಟ್ಟಿತ್ತು. "ಹೆದರ್ಬೇಡ ಪುಟ್ಟಿ, ನಾನು ಹಗುರ ಅಲ್ವಾ, ನನ್ನ ಪಾಡು ನಾನು ನೋಡ್ಕೊಳ್ತೀನಿ" ಅಂದ.

ಎಚ್ಚರವಾದಾಗ ಮೂರೂ ಹತ್ತು. ಮುಚ್ಚಿಟ್ಟ ಸಾಲುಗಳನ್ನು ತೆರೆದೆ. ಹದಿಮೂರನೆಯದು: ಮೇಲೆ ಯಾರೂ ಇಲ್ಲ, ಎಚ್ಚರಿಕೆಗೆಂದು ಸ್ವಂತ ತೂಕದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ, ಜೊತೆಗೆ ಗಾಳಿ. ಅಂಕಿಯ ಮುಂದೊಂದು ಮೈನಸ್ ಗೆರೆ. ಅಂದರೆ ಆಗ ಕಂಬ ನೆಲವನ್ನು ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಅದನ್ನು ಹಿಡಿದಿಡುವಷ್ಟು ತೂಕ ನಮ್ಮ ಪುಟ್ಟ ಫೂಟಿಂಗಿಗೂ ಅದರ ಮೇಲಿನ ಮಣ್ಣಿಗೂ ಇರಲಿಲ್ಲ.

ತುಟಿ ಪಿಟಕ್ಕೆನ್ನದೆ ಕೂತರೆ ಅಣ್ಣ ಮರ್ಯಾದೆಯಿಂದ ಮನೆಗೆ ಹೋಗುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅಡಿಕೆಯೂ ಬೇಕಿರಲಿಲ್ಲ, ಒಂದು ಗೆರೆ ಸಾಕಿತ್ತು. ಆದರೆ ಆ ಚಾವಣಿಯ ಕೆಳಗೆ ಸೊಪ್ಪಿನವರು ಕೂರುತ್ತಾರೆ. ಪರದೆಯನ್ನು ಅವನ ಕಡೆ ತಿರುಗಿಸಿದೆ.

ಅಣ್ಣ ಕನ್ನಡಕ ಹಾಕಿಕೊಂಡ. ಪೆಟ್ಟಿಗೆಯಿಂದ ಪೆನ್ಸಿಲು ತೆಗೆದು ತಾನೇ ಒಮ್ಮೆ ಲೆಕ್ಕ ಹಾಕಿದ.

"ಇದನ್ನ ಯಾಕೆ ಮುಚ್ಚಿದ್ದೆ?"

"ನೀನೇ ಅಲ್ವಾ ಹೇಳ್ಕೊಟ್ಟಿದ್ದು."

ಬೈಯುತ್ತಾನೆ ಅಂದುಕೊಂಡೆ. "ಹೌದು," ಎಂದ. "ನಾನು ಮಾಡಿದ್ದೆಲ್ಲ ಕಲ್ಲು, ಕಾಂಕ್ರೀಟು. ಯಾವ ಗಾಳಿ ಎತ್ತುತ್ತೆ ಅವನ್ನ? ಅದೇ ಅಭ್ಯಾಸ ಆಗೋಯ್ತು." ಫೋನು ತೆಗೆದುಕೊಂಡ. "ಮೇಸ್ತ್ರಿ, ಲಾರಿ ಬೇಡ ಅನ್ನು. ಗುಂಡಿ ಇನ್ನೂ ಅಗಲ ಆಗ್ಬೇಕು, ಆಳನೂ ಆಗ್ಬೇಕು. ಹೂಂ, ತಪ್ಪು ನಂದೇ." ಮೇಸ್ತ್ರಿಯ ಕೂಗಾಟ ನನ್ನ ಮೇಜಿನವರೆಗೂ ಕೇಳಿಸಿತು. ಅಣ್ಣ ಸಹಿ ಹಾಕಿದ್ದ ನಕ್ಷೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ.

ಆಮೇಲೆ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ.

"ನಾಳೆಯಿಂದ ಆ ಮನೇಲಿ ಒಬ್ನೇ ಇರೋಕೆ ಭಯ ಆಗುತ್ತೆ ಪುಟ್ಟಿ."

ಒಂದು ವರ್ಷದಿಂದ ಅವನ ಬಿಪಿ ನೋಡಿದ್ದೆ, ಸಕ್ಕರೆ ನೋಡಿದ್ದೆ, ಮಂಡಿ, ಕಣ್ಣು, ಎರಡು ಹೊತ್ತಿನ ಊಟ ನೋಡಿದ್ದೆ. ಅವನ ವಿಷಯದಲ್ಲೂ ನಾನು ಇಟ್ಟುಕೊಂಡಿದ್ದು ಮೇಲಿನ ಐದೇ ಸಾಲು. ನನಗೆ ಅಳು ಬಂತು, ತಡೆಯಲಿಲ್ಲ.

ಪೆಟ್ಟಿಗೆಯಲ್ಲಿದ್ದ ಸ್ಕೇಲು, ಬಾಟಲಿ ಎಲ್ಲವನ್ನೂ ವಾಪಸು ಅವನ ಡ್ರಾಯರಿಗೆ ಸುರಿದೆ. "ಮೇಲಿನ ಸಾಲು ನಾನು ನೋಡ್ತೀನಿ," ಎಂದೆ. "ಕೊನೇದು ಇನ್ಮೇಲೆ ನೀನೇ ದಿನಾ ಬಂದು ನೋಡ್ಬೇಕು."

ಅಣ್ಣ ಕೈಯಲ್ಲಿದ್ದ ಪೆನ್ಸಿಲಿನ ಮೊನೆಯನ್ನು ಬೆರಳಿಂದ ಮುಟ್ಟಿ ನೋಡಿ, ಚೂಪು ಮಾಡಲು ಬ್ಲೇಡು ಕೇಳಿದ.