ಹೇರಿನ ಕುದುರೆಯ ಹಗ್ಗ ಹಿಡಿದವಳು

ಸಂಕೇಶ್ವರದ ಹೊರಗೆ, ಕಬ್ಬಿನ ಹೊಲಗಳ ನಡುವೆ ಒಂದೂವರೆ ಎಕರೆ ಬಯಲಿಗೆ ಬೇಲಿ ಹಾಕಿ ಯಲ್ಲಾಲಿಂಗ ಕುದುರೆ ಸವಾರಿ ಕಲಿಸುತ್ತಿದ್ದ. ಸೈನ್ಯದಲ್ಲಿ ಹದಿನೇಳು ವರ್ಷ ಕುದುರೆಗಳ ಜೊತೆಗೇ ಕಳೆದು ಊರಿಗೆ ಮರಳಿದವನು. ಅವನ ಹತ್ತಿರ ಮೂರು ಕುದುರೆಗಳಿದ್ದವು. ಮೊದಲ ಭಾನುವಾರ ಮರೆವ್ವ ಮೊಮ್ಮಗಳು ಕಾಜಲ್‌ಳನ್ನು ಕರೆದುಕೊಂಡು ಯಮಕನಮರಡಿಯಿಂದ ಬಸ್ಸು ಹಿಡಿದು ಅಲ್ಲಿಗೆ ಬಂದಾಗ, ಹುಡುಗಿ ಬೇಲಿಯ ಒಳಗೆ ಕಾಲೇ ಇಡಲಿಲ್ಲ.

‘ನಾ ಒಲ್ಲೆ ಆಯಿ. ಮನಿಗೆ ಹೋಗೂಣು.’

ಕಾಜಲ್‌ಗೆ ಒಂಬತ್ತು ವರ್ಷ. ಹೋದ ಮಳೆಗಾಲದಲ್ಲಿ ಅವಳ ಅಪ್ಪ ಶಿವಕುಮಾರನ ಬೈಕು ಹೆದ್ದಾರಿಯ ಬದಿ ಜಾರಿ, ಹಿಂದೆ ಕೂತಿದ್ದ ಅವಳ ಎಡಗೈ ಮುರಿದಿತ್ತು. ಅಪ್ಪನಿಗೆ ತರಚಿದ ಗಾಯವಷ್ಟೇ ಆಗಿತ್ತು. ಪಟ್ಟಿ ಬಿಚ್ಚಿ ಎಷ್ಟೋ ತಿಂಗಳಾಗಿತ್ತು. ಎಲುಬು ಚೆನ್ನಾಗಿ ಕೂಡಿದೆ, ಇನ್ನು ಕೈ ಬಳಸಬೇಕು ಎಂದು ಡಾಕ್ಟರು ಹೇಳಿದ್ದರು. ಆದರೆ ಹುಡುಗಿ ಆ ಕೈಯನ್ನು ಹೊಟ್ಟೆಗೆ ಒತ್ತಿಕೊಂಡೇ ಓಡಾಡುತ್ತಿದ್ದಳು. ಸೈಕಲ್ಲು ಮುಟ್ಟುತ್ತಿರಲಿಲ್ಲ, ಸಾಲೆಯಲ್ಲಿ ಆಟಕ್ಕೆ ಹೋಗುತ್ತಿರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಮರೆವ್ವ ಕುಲಗೋಡದಿಂದ ಬಂದು ಮಗಳ ಮನೆಯಲ್ಲಿ ನಿಂತಿದ್ದಳು. ಮಗಳು ಪದ್ಮಶ್ರೀಗೆ ಹೊಲಿಗೆ ಅಂಗಡಿ. ಭಾನುವಾರವೇ ಗಿರಾಕಿ ಹೆಚ್ಚು. ಸವಾರಿ ಕಲಿತರೆ ಮಕ್ಕಳ ಅಂಜಿಕೆ ಹೋಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಎರಡೂ ಕೈಗೆ ಸಮನಾಗಿ ಬಲ ಬರುತ್ತದೆ ಎಂದು ಮೊಬೈಲಿನಲ್ಲಿ ಓದಿ, ಮಗಳ ಹೆಸರು ಬರೆಸಿದವಳು ಅವಳೇ. ಕರೆದುಕೊಂಡು ಬರುವ ಕೆಲಸ ಮಾತ್ರ ಮರೆವ್ವನದು.

ಮರೆವ್ವ ಮೊಮ್ಮಗಳನ್ನು ಒತ್ತಾಯ ಮಾಡಲಿಲ್ಲ. ಅವಳ ಲಕ್ಷ್ಯ ಬೇರೆ ಕಡೆ ಹೋಗಿತ್ತು. ಬೇವಿನ ಗಿಡದ ಕೆಳಗೆ ಕಟ್ಟಿದ್ದ ಕಂದು ಬಣ್ಣದ ಹೆಣ್ಣು ಕುದುರೆಯ ಕಡೆಯಿಂದ ಬೆವರು, ಒಣಹುಲ್ಲು, ಲದ್ದಿ ಎಲ್ಲ ಕೂಡಿದ ಬೆಚ್ಚಗಿನ ವಾಸನೆ ಬಂತು. ಮೂವತ್ತೇಳು ವರ್ಷವಾಗಿತ್ತು ಆ ವಾಸನೆ ಮೂಗಿಗೆ ಬಡಿದು. ಅವಳು ಚಪ್ಪಲಿ ಬೇಲಿಯ ಬಳಿಯೇ ಬಿಟ್ಟು, ಓರೆಯಾಗಿ ಎಂಟು ಹತ್ತು ಹೆಜ್ಜೆ ನಡೆದು, ಕುದುರೆಯ ಮೂತಿಯ ಮುಂದೆ ಅಂಗೈ ಹಿಡಿದು ಸುಮ್ಮನೆ ನಿಂತಳು. ಕುದುರೆ ಮೂಸಿತು. ಆಮೇಲೆ ತಲೆಯನ್ನು ಅವಳ ಹೆಗಲಿಗೆ ತಾಗಿಸಿತು.

ಯಲ್ಲಾಲಿಂಗ ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದ. ‘ಅಕ್ಕಾರ, ಶಬರಿ ಹೊಸಬರ ಹತ್ತರ ಹಿಂಗ ಮಾಡೂದಿಲ್ರಿ. ನೀವು ಮೊದಲ ಕುದುರಿ ಸಾಕಿದ್ರೇನು?’

‘ಸಾಕಿದ್ವಿ ತಮ್ಮಾ. ನಮ್ಮಪ್ಪನ್ವು ಕುರಿ ಇದ್ವು. ಹೇರಿಗೆ ಒಂದು ಕುದುರಿ ಇತ್ತು.’

‘ಹಂಗಾರ ಸವಾರಿ ಗೊತ್ತಿರಬೇಕಲ್ರಿ?’

‘ಇಲ್ಲಪ್ಪ,’ ಎಂದಳು ಮರೆವ್ವ. ‘ಹಗ್ಗ ಹಿಡಕೊಂಡು ಅದರ ಬಾಜೂಕ ನಡದೇನಿ, ಅಷ್ಟ.’

ಅಷ್ಟೇ ಎಂದು ಹೇಳಿದಳಾದರೂ, ಅದು ಅಷ್ಟೇ ಆಗಿರಲಿಲ್ಲ. ಅವಳ ಅಪ್ಪ ಶೆಟ್ಟೆಪ್ಪನಿಗೆ ಇನ್ನೂರು ಕುರಿಗಳಿದ್ದವು. ಮಳೆ ಹಿಡಿಯುವ ಮುಂಚೆ ಕುಲಗೋಡ ಬಿಟ್ಟು ಮೂಡಣದ ಒಣಸೀಮೆಗೆ ಹೋದರೆ, ಮತ್ತೆ ಊರಿನ ಮುಖ ನೋಡುವುದು ಸುಗ್ಗಿಯ ಕಾಲಕ್ಕೆ. ಗಂಡಸರು ಕುರಿಯ ಹಿಂದೆ, ಹೆಂಗಸರು ಕುದುರೆಯ ಜೊತೆ. ಕಪಿಲಿ ಎಂಬ ಆ ಗಿಡ್ಡ ಕುದುರೆಯ ಬೆನ್ನ ಮೇಲೆ ಅವರ ಮನೆಯೇ ಇರುತ್ತಿತ್ತು: ಕಂಬಳಿ, ಬೋಗುಣಿ, ಜೋಳದ ಚೀಲ, ಬಿದಿರ ಬುಟ್ಟಿಯಲ್ಲಿ ಕೋಳಿ, ಎರಡೂ ಬದಿಯ ಜೋಳಿಗೆಯಲ್ಲಿ ತಲೆ ಹೊರಹಾಕಿಕೊಂಡ ಎಳೆ ಮರಿಗಳು. ಆರು ವರ್ಷದವರೆಗೆ ಮರೆವ್ವನೂ ಆ ಹೇರಿನ ತುದಿಯಲ್ಲಿ ಕೂತು ಹೋಗುತ್ತಿದ್ದಳು. ತಮ್ಮ ರಾಜಪ್ಪ ಹುಟ್ಟಿದ ಮೇಲೆ ಆ ಜಾಗ ಅವನದಾಯಿತು, ಹಗ್ಗ ಅವಳ ಕೈಗೆ ಬಂತು. ಹದಿಮೂರು ವರ್ಷ ಅವಳು ಆ ಹಗ್ಗ ಹಿಡಿದು ನಡೆದಳು. ಒಮ್ಮೆ ಸಂಜೆ ಹೇರು ಇಳಿಸಿದ ಮೇಲೆ ಅಪ್ಪನನ್ನು ಕೇಳಿದ್ದಳು, ಬರಿ ಬೆನ್ನಿನ ಮೇಲೆ ಒಂದು ಸುತ್ತು ಓಡಿಸಲೇ ಎಂದು. ಶೆಟ್ಟೆಪ್ಪ ಸಿಟ್ಟಾಗಲಿಲ್ಲ. ಕಪಿಲಿಯ ಬೆನ್ನು ಸವರುತ್ತ, ‘ಮುಂಜಾನಿಂದ ಹೊತ್ತೈತವ್ವಾ, ದಣದೈತಿ’ ಎಂದಿದ್ದ. ಅವಳು ಮತ್ತೆಂದೂ ಕೇಳಲಿಲ್ಲ. ಮರುದಿನವೂ ಕಪಿಲಿ ಹೊತ್ತಿತ್ತು, ಮರುದಿನವೂ ದಣಿದಿತ್ತು.

ಮೂರು ಭಾನುವಾರ ಕಾಜಲ್ ಕುದುರೆ ಹತ್ತಲಿಲ್ಲ. ಆದರೆ ಬೇಲಿ ದಾಟಿ ಒಳಗೆ ಬಂದಳು. ಮರೆವ್ವ ಅವಳಿಗೆ ಕುದುರೆಯ ಹತ್ತಿರ ಹೋಗುವ ರೀತಿ ತೋರಿಸಿಕೊಟ್ಟಳು.

‘ಹಿಂದಿನಿಂದ ಹೋಗಬಾರದು. ಅದಕ ಕಾಣೂ ಹಂಗ ಬಾಜೂಲಿಂದ ಹೋಗು. ಓಡಬ್ಯಾಡ. ಕೈ ಮುಂದ ಹಿಡಿ, ಮೂಸಿ ನೋಡ್ಲಿ. ಯಾರು ಬಂದಾರಂತ ಅದಕ್ಕೂ ಗೊತ್ತಾಗಬೇಕಲ್ಲ?’

ಮೈ ಉಜ್ಜುವ ಬ್ರಷ್ಷನ್ನು ಹುಡುಗಿ ಬಲಗೈಯಲ್ಲಿ ಹಿಡಿದಳು. ಶಬರಿಯ ಕುತ್ತಿಗೆಯಿಂದ ಬೆನ್ನಿನವರೆಗೆ ಉಜ್ಜುವಷ್ಟರಲ್ಲಿ ಆ ಕೈ ಸೋತಿತು. ಆಗ ಅವಳಿಗೇ ತಿಳಿಯದಂತೆ ಬ್ರಷ್ಷು ಎಡಗೈಗೆ ಹೋಯಿತು. ಮರೆವ್ವ ಅದನ್ನು ನೋಡಿದಳು.

ನಾಲ್ಕನೆಯ ಭಾನುವಾರ ಹುಡುಗಿ ಒಂದು ಕರಾರು ಹಾಕಿದಳು. ‘ಆಯಿ, ನೀ ಹತ್ತಿದ್ರ ನಾ ಹತ್ತತೇನಿ.’

‘ನನಗ ಐವತ್ತಾರು ವರ್ಷ ಆತು. ಮಣಕಾಲು ಹಿಡಿತಾವ.’

ಯಲ್ಲಾಲಿಂಗ ನಕ್ಕ. ‘ವಯಸ್ಸಿನ ಮಾತು ಬಿಡ್ರಿ ಅಕ್ಕಾರ. ದೊಡ್ಡವ್ರಿಗೂ ಕಲಿಸೇನಿ. ಸಾವಕಾಶ ಕಲಿತರ ಸೊಂಟಕ್ಕ, ತೊಡಿಗೆ ಬಲ ಬರತೈತಿ. ಡಾಕ್ಟರನ್ನ ಒಂದು ಮಾತು ಕೇಳಿ ಬರ್ರಿ. ಮತ್ತ ಸೀರಿ ನಡೂದಿಲ್ಲ ನೋಡ್ರಿ.’

ಸಂಜೆ ಮನೆಯಲ್ಲಿ ಈ ಸುದ್ದಿ ಕೇಳಿ ಪದ್ಮಶ್ರೀ ಮೊದಲು ಗಟ್ಟಿಯಾಗಿ ನಕ್ಕಳು. ತಾಯಿ ನಗದೆ ಕೂತಿದ್ದನ್ನು ಕಂಡು ಅವಳ ನಗು ನಿಂತಿತು.

‘ಯವ್ವಾ, ಖರೇನ ಹತ್ತಾಕಿ ಏನು? ಮಾಳಿಗಿ ಹತ್ತಾಕ ಆಗೂದಿಲ್ಲಂತಿ. ಬಿದ್ದು ಎಲುಬು ಮುರಕೊಂಡ್ರ? ಒಬ್ಬಾಕಿದು ಆಗೇತಿ, ಸಾಕಾಗಿಲ್ಲೇನು?’

‘ಬೀಳೂದು ಇದ್ರ ಬೀಳತೇನಿ,’ ಎಂದಳು ಮರೆವ್ವ. ‘ಹದಿಮೂರು ವರ್ಷ ಕುದುರಿ ಜೋಡಿ ನಡದೇನಿ ನಾ. ಒಂದು ದಿನ ಮ್ಯಾಲೆ ಕುಂತು ನೋಡಿಲ್ಲ. ಇದು ಹುಡುಗಿ ಸಲುವಾಗಿ ಅಂತ ಹೇಳಬಹುದು. ಆದ್ರ ನನಗೂ ಆಸೆ ಐತಿ.’

ತಾಯಿಯ ಬಾಯಿಂದ ತನಗೇನೋ ಬೇಕು ಎಂಬ ಮಾತನ್ನು ಪದ್ಮಶ್ರೀ ಅದುವರೆಗೆ ಕೇಳಿರಲಿಲ್ಲ. ಅವಳು ಒಲೆಯ ಕಡೆ ತಿರುಗಿದಳು. ಎರಡು ದಿನ ಬಿಟ್ಟು ಅಂಗಡಿಗೆ ಚಹಾ ಕೊಡಲು ಬಂದ ತಾಯಿಯನ್ನು ಕೈಹಿಡಿದು ನಿಲ್ಲಿಸಿ, ಟೇಪು ತೆಗೆದು ಸೊಂಟದ ಅಳತೆ ತೆಗೆದುಕೊಂಡಳು. ‘ಗಟ್ಟಿ ಅರಿವಿ ಹಾಕಿ ಹೊಲೀತೇನಿ. ತೊಡಿ ಹತ್ತರ ಎರಡು ಪದರ ಇರಲಿ, ಉಜ್ಜತೈತಿ.’ ಡಾಕ್ಟರು ಹೂಂ ಎಂದ ಮೇಲೆ ಮಾತ್ರ ಹೊಲಿದಿಟ್ಟ ಪೈಜಾಮ ಕೈಗೆ ಕೊಟ್ಟಳು.

ಆ ಭಾನುವಾರ ಮರೆವ್ವ ಪೈಜಾಮ, ಮೇಲೊಂದು ಉದ್ದ ಕುಪ್ಪಸ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಸಿಮೆಂಟಿನ ಕಟ್ಟೆ ಏರಿ, ರಿಕಾಬಿನಲ್ಲಿ ಎಡಗಾಲಿಟ್ಟಳು. ಮೊದಲ ಸಲ ಬಲಗಾಲು ಮೇಲೇಳಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲಕ್ಕೆ ಯಲ್ಲಾಲಿಂಗ ಮೊಣಕೈಗೆ ಆಸರೆ ಕೊಟ್ಟ, ಅವಳು ಜೀನಿನ ಮೇಲೆ ಬಿದ್ದ ಹಾಗೆ ಕೂತಳು.

ಶಬರಿ ಹೆಜ್ಜೆ ಕಿತ್ತಿಟ್ಟಿತು. ಕೆಳಗೆ ಜೀವಂತ ಬೆನ್ನು ಅಲುಗಿದ್ದೇ ತಡ, ಮರೆವ್ವನಿಗೆ ಬೇರೊಂದು ಮುಂಜಾವು ನೆನಪಾಯಿತು. ಅವಳಿಗಾಗ ಹನ್ನೊಂದು ವರ್ಷ. ಜ್ವರ ಏರಿ ಕಣ್ಣು ಬಿಡದಂತಾಗಿತ್ತು. ಶೆಟ್ಟೆಪ್ಪ ಹೇರೆಲ್ಲ ಹೊಲದಲ್ಲೇ ಕೆಡವಿ, ಕಪಿಲಿಯ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿ, ಗೋಕಾಕದ ದವಾಖಾನೆಯವರೆಗೆ ನಡೆದಿದ್ದ. ದಾರಿಯುದ್ದಕ್ಕೂ ಅವನ ಕೈ ಅವಳ ಬೆನ್ನ ಮೇಲಿತ್ತು. ‘ಬಂತವ್ವಾ, ಬಂತು, ಹೊಳಿ ದಾಟಿದ್ರ ಬಂತು’ ಎನ್ನುತ್ತಿದ್ದ. ಆ ಒಂದು ದಿನ ಕಪಿಲಿ ಅವಳೊಬ್ಬಳನ್ನೇ ಹೊತ್ತಿತ್ತು. ಅವಳಿಗೆ ಅದನ್ನು ಅನುಭವಿಸುವ ಎಚ್ಚರ ಇರಲಿಲ್ಲ.

‘ಕೆಳಗ ನೋಡಬ್ಯಾಡ್ರಿ ಅಕ್ಕಾರ! ಹೋಗೂ ಕಡೆ ನೋಡ್ರಿ!’

ಮರೆವ್ವ ತಲೆ ಎತ್ತಿದಳು. ಕಬ್ಬಿನ ಸೂಲಂಗಿ ಹೂಗಳ ಮೇಲಿಂದ ಹಿರಣ್ಯಕೇಶಿಯ ದಂಡೆಯ ಮರಗಳ ಸಾಲು ಕಂಡಿತು. ನೆಲದ ಮೇಲೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಅವಳ ಕಣ್ಣು ತುಂಬಿದ್ದು ಯಾಕೆಂದು ಕಾಜಲ್ ಕೇಳಿದಾಗ, ‘ಧೂಳಿ’ ಎಂದಳು.

ಮಾತು ಕೊಟ್ಟಂತೆ ಕಾಜಲ್ ಅಂದೇ ಹತ್ತಿದಳು. ಎರಡೇ ಸುತ್ತು, ಅದೂ ಯಲ್ಲಾಲಿಂಗನ ಅಂಗಿಯ ತೋಳನ್ನು ಹಿಡಿದುಕೊಂಡು. ಮುಂದಿನ ವಾರ ನಾಲ್ಕು ಸುತ್ತು. ಲಗಾಮನ್ನು ಒಂದೇ ಕೈಯಿಂದ ಎಳೆದರೆ ಕುದುರೆ ಅದೇ ಬದಿಗೆ ತಿರುಗುತ್ತದೆ ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕುದುರೆಯೇ ಹೇಳಿತು. ಎಡಗೈ ಹೊಟ್ಟೆ ಬಿಟ್ಟು ಮುಂದೆ ಬಂತು. ಅಜ್ಜಿಗೆ ಮಾತ್ರ ಮೊದಲ ಎರಡು ವಾರ ಕೂತರೂ ನೋವು, ಎದ್ದರೂ ನೋವು. ಆಮೇಲೆ ಒಂದು ದಿನ ಸಂಡಿಗೆ ಒಣಹಾಕಲು ಅವಳು ತಾನೇ ಮಾಳಿಗೆ ಹತ್ತಿ ಹೋದಳು. ಇಳಿದು ಬಂದ ಮೇಲೆಯೇ ಅದು ಅವಳ ಗಮನಕ್ಕೆ ಬಂದದ್ದು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಅವಳು ಬಿದ್ದಳು.

ಶಬರಿ ಸಣ್ಣ ಓಟದಲ್ಲಿತ್ತು. ಬೇಲಿಯ ಆಚೆ ಕಬ್ಬು ಹೇರಿದ ಟ್ರ್ಯಾಕ್ಟರು ಒಮ್ಮೆಲೇ ಹಾರ್ನ್ ಹೊಡೆಯಿತು. ಕುದುರೆ ಬೆದರಿ ಪಕ್ಕಕ್ಕೆ ಹಾರಿತು, ಮರೆವ್ವ ಇನ್ನೊಂದು ಪಕ್ಕಕ್ಕೆ ಬಿದ್ದಳು. ಯಲ್ಲಾಲಿಂಗ ಓಡಿಬಂದು ಕೈಕಾಲು ಅಲ್ಲಾಡಿಸಿ ನೋಡಿದ. ಪೃಷ್ಠಕ್ಕೆ ಪೆಟ್ಟಾಗಿತ್ತು, ಅಂಗೈ ತರಚಿತ್ತು, ಮತ್ತೇನೂ ಆಗಿರಲಿಲ್ಲ. ಅವಳಿಗೆ ತನ್ನ ಚಿಂತೆ ಇರಲಿಲ್ಲ. ಇದನ್ನು ಕಣ್ಣಾರೆ ನೋಡಿದ ಹುಡುಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ, ಮಾಡಿದ್ದೆಲ್ಲ ಮಣ್ಣುಪಾಲಾಯಿತು ಎಂದುಕೊಂಡು ಸುತ್ತ ನೋಡಿದಳು.

ಕಾಜಲ್ ಅವಳ ಹತ್ತಿರ ಇರಲಿಲ್ಲ. ಬಯಲಿನ ಆ ತುದಿಯಲ್ಲಿ ಶಬರಿ ಕಿವಿ ನಿಗುರಿಸಿ, ಮೈ ನಡುಗಿಸುತ್ತ ನಿಂತಿತ್ತು, ಲಗಾಮು ಕುತ್ತಿಗೆಯಿಂದ ಜೋತುಬಿದ್ದಿತ್ತು. ಹುಡುಗಿ ಅದರ ಕಡೆ ನಡೆಯುತ್ತಿದ್ದಳು. ಓಡಲಿಲ್ಲ, ಓರೆಯಾಗಿ ನಡೆದಳು. ಒಂದು ಮಾರು ದೂರ ನಿಂತು ಕೈ ಮುಂದೆ ಹಿಡಿದಳು. ಯಲ್ಲಾಲಿಂಗ ಕೂಗಲು ಬಾಯಿ ತೆರೆದವನು ಮರೆವ್ವ ಕಾಲು ಹಿಡಿದು ಎಳೆದದ್ದಕ್ಕೆ ಸುಮ್ಮನಾದ. ಶಬರಿ ಮೂತಿ ಚಾಚಿ ಮೂಸಿತು. ಕಾಜಲ್ ಎಡಗೈಯಿಂದ ಲಗಾಮು ಹಿಡಿದು, ಬಲಗೈಯಿಂದ ಅದರ ಕೆನ್ನೆ ಸವರುತ್ತ, ಏನೇನೋ ಮಾತಾಡಿಸುತ್ತ ಕರೆದುಕೊಂಡು ಬಂದಳು.

‘ಆಯಿ, ಇದು ನಿನಕಿಂತ ಭಾಳ ಅಂಜೇತಿ,’ ಎಂದಳು. ‘ನೀ ಹತ್ತು ಈಗ. ಇಲ್ಲಂದ್ರ ತನ್ನದ ತಪ್ಪಾತು ಅಂತ ತಿಳಕೋತೈತಿ.’

ಮರೆವ್ವ ನೋವು ನುಂಗಿಕೊಂಡು ಎದ್ದು, ಕಟ್ಟೆ ಏರಿ ಮತ್ತೆ ಹತ್ತಿದಳು. ಒಂದು ಸುತ್ತು ನಿಧಾನವಾಗಿ ಬಂದಳು. ಹುಡುಗಿ ಪಕ್ಕದಲ್ಲೇ ನಡೆದಳು.

ಬಿದ್ದ ಸುದ್ದಿಯನ್ನು ಅವರಿಬ್ಬರೂ ಮನೆಯಲ್ಲಿ ಹೇಳಲಿಲ್ಲ. ಮರೆವ್ವ ಕುಂಟಿದ್ದೇ ಹೇಳಿತು. ಮುಂದಿನ ಭಾನುವಾರ ಪದ್ಮಶ್ರೀ ಅಂಗಡಿಗೆ ಬೀಗ ಹಾಕಿ, ಇಬ್ಬರಿಗೂ ಇದನ್ನು ಬಿಡಿಸುವ ಹಟದಿಂದ ಜೊತೆಗೆ ಬಂದಳು. ಬಂದವಳು ಬೇವಿನ ಗಿಡದ ಕೆಳಗೆ ನಿಂತು ನೋಡಿದಳು. ಅವಳ ಮಗಳು ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಲಗಾಮು ಹಿಡಿದು, ಓಟದ ಲಯಕ್ಕೆ ಮೈಯೇಳಿಸಿ ಇಳಿಸುತ್ತ ಎದುರಿಗೆ ಹಾದುಹೋದಳು. ‘ಅವ್ವಾ, ನೋಡಿಲ್ಲಿ!’ ಎಂದು ಕೂಗಿದಳು. ಅಪಘಾತವಾದ ಮೇಲೆ ಆ ಹುಡುಗಿ ಅಷ್ಟು ದೊಡ್ಡ ದನಿ ತೆಗೆದಿರಲಿಲ್ಲ. ಪದ್ಮಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೇಳಬೇಕೆಂದು ತಂದ ಮಾತು ಹಾಗೇ ಉಳಿಯಿತು.

ಯುಗಾದಿ ಹತ್ತಿರ ಬಂದಾಗ ಯಲ್ಲಾಲಿಂಗ ಅಜ್ಜಿ ಮೊಮ್ಮಗಳನ್ನು ಬೇಲಿಯ ಹೊರಗೆ, ಹೊಳೆಯ ದಂಡೆಯ ಹಾದಿಗೆ ಕರೆದೊಯ್ದ. ಅವನು ಮುಂದೆ, ನಡುವೆ ಕಾಜಲ್, ಹಿಂದೆ ಮರೆವ್ವ. ಹಾದಿ ಅಗಲವಾದ ಕಡೆ ಹುಡುಗಿ ಕುದುರೆ ನಿಧಾನ ಮಾಡಿ ಅಜ್ಜಿಯ ಜೊತೆಯಾದಳು.

‘ಆಯಿ, ಕಪಿಲಿ ಕಡೀಕ ಏನಾತು?’

‘ನನ್ನ ಲಗ್ನದ ವರ್ಷ ಅಪ್ಪ ಕುರಿ ಕೊಟ್ಟಬಿಟ್ಟ. ಕಪಿಲಿನ್ನ ಮೂಡಲಗಿ ಸಂತಿಗೆ ಹೊಡಕೊಂಡು ಹ್ವಾದ. ಬರೂವಾಗ ಹಗ್ಗ ಅಷ್ಟ ಹೆಗಲ ಮ್ಯಾಲೆ ಹಾಕ್ಕೊಂಡು ಬಂದ. ಅವತ್ತ ಊಟ ಮಾಡ್ಲಿಲ್ಲ. ಯಾರಿಗೆ ಕೊಟ್ಟಿ ಅಂತ ಕೇಳಿದ್ರ, ಚಲೋ ಮಂದಿಗೆ ಅಂದ.’

‘ಖರೇನ ಚಲೋ ಮಂದಿ ಏನು?’

ಮರೆವ್ವ ಲಗಾಮು ಸಡಿಲ ಬಿಟ್ಟಳು. ಇಷ್ಟು ವರ್ಷ ಆ ಪ್ರಶ್ನೆಯನ್ನು ಅವಳು ತನಗೇ ಎಷ್ಟು ಸಲ ಕೇಳಿಕೊಂಡಿದ್ದಳೋ. ‘ಅಪ್ಪ ಸುಳ್ಳ ಹೇಳಾಂವ ಅಲ್ಲ,’ ಎಂದಳು. ಹಾಗೆ ಹೇಳಿದಾಗ ಅದು ನಿಜವೇ ಎನಿಸಿತು.

ನೀರಿನ ಅಂಚಿನಲ್ಲಿ ಕುದುರೆಗಳು ತಾವೇ ನಿಂತು ಬಾಯಿ ಹಾಕಿದವು. ಅಷ್ಟರಲ್ಲಿ ಮರೆವ್ವನ ಮೊಬೈಲು ಬಡಿದುಕೊಂಡಿತು. ಕುಲಗೋಡದಿಂದ ಮಗ ಸಾಗರ. ಹಬ್ಬಕ್ಕಾದರೂ ಊರಿಗೆ ಬರುತ್ತೀಯೋ ಇಲ್ಲವೋ, ಕಾಜಲ್ ಈಗ ಆರಾಮಾಗಿದ್ದಾಳಂತಲ್ಲ ಎಂದು ಕೇಳಿದ.

‘ಹಬ್ಬಕ್ಕ ಬಂದು ಹೋಳಿಗಿ ಉಂಡು ಹೋಗತೇನಪ್ಪ,’ ಎಂದಳು ಮರೆವ್ವ, ಒಂದು ಕೈಯಲ್ಲಿ ಲಗಾಮು ಸರಿ ಮಾಡಿಕೊಳ್ಳುತ್ತ. ‘ಆದ್ರ ಹೊಳ್ಳಿ ಇಲ್ಲಿಗೆ ಬರೂದ ನೋಡು. ಜೋರ ಓಡಸೂದು ಇನ್ನ ಕಲಿಯೂದೈತಿ.’