ಏಳನೆಯ ಕಥೆಗೆ ಕೊಟ್ಟ ಅಂಕ

ವಾಚನಾಲಯದ ಮೇಜಿನ ಮೇಲೆ ಹನ್ನೆರಡು ಖಾಕಿ ಲಕೋಟೆಗಳಿದ್ದವು. ಹನ್ನೊಂದರಲ್ಲಿ ಒಂದೊಂದು ಕಥೆ ಇತ್ತು. ಏಳನೆಯ ಲಕೋಟೆಯಲ್ಲಿ ಮಡಿಚಿದ ಹಳೆಯ ಪೇಪರು ಮಾತ್ರ ಇತ್ತು. ಏಳನೆಯ ಕಥೆ ಜಗದೇವಪ್ಪ ಮಾಸ್ತರರ ಅಂಗಿಯ ಒಳಗಿಸೆಯಲ್ಲಿತ್ತು. ಆ ಕೋಣೆಯಲ್ಲಿ ಕೂತಿದ್ದ ಹದಿಮೂರು ಮಂದಿಯಲ್ಲಿ ಇದು ಮಾಸ್ತರರೊಬ್ಬರಿಗೇ ಗೊತ್ತಿತ್ತು.

ಗುರುವಾರ, ಸಂಜೆ ನಾಲ್ಕೂವರೆ. ಅಫಜಲಪುರದ ಬಸ್ಸು ಐದೂಕಾಲಿಗೆ. ಆ ಬಸ್ಸಿನಲ್ಲಿ ಹನ್ನೆರಡೂ ಕಥೆಗಳು ಹೋಗಿ ಬೈಂಡರ್ ಅಬ್ದುಲ್ ಗನಿಯ ಕೈಸೇರಿದರೆ, ಆತ ಅವುಗಳನ್ನು ಒಟ್ಟಿಗೆ ಹೊಲಿದು, ಅಂಟು ಹಚ್ಚಿ, ಒಂದು ಹಗಲು ಭಾರದ ಕೆಳಗಿಟ್ಟು, ಶನಿವಾರ ಮುಂಜಾನೆ ಇಡಿಯ ಪುಸ್ತಕವನ್ನಾಗಿ ಕೊಡುವವನಿದ್ದ. ಶನಿವಾರ ಹನ್ನೊಂದಕ್ಕೆ ಪುಸ್ತಕಗಳ ತಪಾಸಣೆಗೆ ಮೇಲಿನ ಸಾಹೇಬರು ಬರುವವರಿದ್ದರು. ವಾಚನಾಲಯ ನೋಡಿಕೊಳ್ಳುವ ಸರ್ವರಬೇಗಂಳಿಗೆ, ಗೆದ್ದಲು ತಿಂದ ಎರಡು ಪುಸ್ತಕಗಳ ಸಲುವಾಗಿ, ಹೋದ ವರ್ಷವೇ ಒಂದು ನೋಟೀಸು ಬಂದಿತ್ತು. ಇನ್ನೊಂದು ಬಂದರೆ ಕೆಲಸದಿಂದ ಬಿಡಿಸಲಾಗುವುದು ಎಂದು ಅದರ ಕೊನೆಯ ಸಾಲಿನಲ್ಲಿಯೇ ಬರೆದಿತ್ತು.

ಪುಸ್ತಕ ಬಿಚ್ಚುವ ಯುಕ್ತಿ ಮಾಸ್ತರರದೇ. ಹನ್ನೆರಡು ಜನ ಲೇಖಕರ ಹನ್ನೆರಡು ಕಥೆಗಳ ಆ ಸಂಕಲನಕ್ಕೆ ಊರಿನಲ್ಲಿ ಹನ್ನೆರಡು ಮಂದಿ ಸರದಿ ಹಚ್ಚಿದ್ದರು. ಇದ್ದದ್ದು ಒಂದೇ ಪ್ರತಿ. ಅದರ ಬೆನ್ನಿನ ಅಂಟು ಬಿಟ್ಟು ಹಾಳೆಗಳು ಉದುರುತ್ತಿದ್ದವು. ಮೂವತ್ತೇಳು ವರ್ಷ ಅಂಕಗಣಿತ ಕಲಿಸಿ ನಿವೃತ್ತರಾದ ಮಾಸ್ತರರು ಒಂದು ದಿನ ಅದನ್ನು ತಿರುವಿ ನೋಡಿ, ಪ್ರತಿ ಕಥೆಯೂ ಹೊಸ ಹಾಳೆಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಕಂಡುಕೊಂಡರು. ಒಂದೊಂದು ಕಥೆಯನ್ನು ಬೇರೆಬೇರೆಯಾಗಿ ಹೊಲಿಯುವುದು. ಹನ್ನೆರಡು ಮಂದಿಗೆ ಹನ್ನೆರಡು ಲಕೋಟೆ. ಪ್ರತಿ ಸೋಮವಾರ ಅದಲುಬದಲು. ಹನ್ನೆರಡು ವಾರಕ್ಕೆ ಎಲ್ಲರೂ ಎಲ್ಲ ಕಥೆಗಳನ್ನೂ ಓದಿ ಮುಗಿಸುತ್ತಾರೆ; ಒಂದು ಕಥೆ ಒಬ್ಬರಿಗೆ ಎರಡು ಸಲ ಬರುವುದಿಲ್ಲ. ಕೋಷ್ಟಕ ಗೀಚಿ ಗೋಡೆಗೆ ಹಚ್ಚಿದವರೂ ಅವರೇ. ಹನ್ನೊಂದು ಓದುಗರ ಹೆಸರುಗಳ ಕೆಳಗೆ, ಹನ್ನೆರಡನೆಯವರು ಊರು ಬಿಟ್ಟು ಹೋದದ್ದರಿಂದ ಲೆಕ್ಕ ಕೆಡಬಾರದೆಂದು, ತಮ್ಮ ಹೆಸರನ್ನೇ ಬರೆದುಕೊಂಡರು. ಆವರೆಗೆ ಅವರು ಒಂದೂ ಕಥೆ ಓದಿದವರಲ್ಲ.

ಸೋಮವಾರಗಳ ರುಚಿ ಎಲ್ಲರಿಗೂ ಬೇಗ ಹತ್ತಿತು. ಲಕೋಟೆ ಬದಲಿಸಲು ಬಂದವರು ಒಂದು ತಾಸು ಅಲ್ಲಿಯೇ ಕೂತು ಜಗಳಾಡುತ್ತಿದ್ದರು. ಓದಿದವರು ಬಾಯಿ ತೆರೆದರೆ, ಓದದವರು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರು: "ಹೇಳಬ್ಯಾಡ್ರಿ, ನಂದಿನ್ನ ಓದೂದದ!" ಕಬ್ಬಿನ ಗದ್ದೆಯ ಗುರಣ್ಣ ಮೂರನೆಯ ಕಥೆಯ ಮುದುಕನನ್ನು ತನ್ನ ಸೋದರಮಾವನೆಂದೇ ತಿಳಿದು ಬೈಯುತ್ತಿದ್ದ. ಒಂದರಲ್ಲಿ ನಗು, ಮುಂದಿನದರಲ್ಲಿ ಸಾವು, ಅದರ ಮುಂದಿನದರಲ್ಲಿ ಬರೀ ಒಂದು ಮಧ್ಯಾಹ್ನ. ಮುಂದಿನ ಲಕೋಟೆಯಲ್ಲಿ ಯಾವ ಊರು, ಯಾರ ಮನೆ ಇದೆಯೋ ಎಂಬ ಕುತೂಹಲ ಮಾಸ್ತರರಿಗೂ ಭಾನುವಾರ ಮುಂಜಾನೆಯಿಂದಲೇ ಆರಂಭವಾಗುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಎಂಟನೆಯ ವಾರ ಏಳನೆಯ ಕಥೆ ಅವರ ಪಾಲಿಗೆ ಬಂದಿತು. ಒಂಬತ್ತು ಪುಟದ ಸಣ್ಣ ಕಥೆ. ಥಂಡಿಯ ಕಾಲ, ತಾಯಿಯ ಹತ್ತಿರ ಇರುವುದು ಒಂದೇ ಕೌದಿ. ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರು ಮಕ್ಕಳು ಒಂದೇ ದಿನ ಮನೆಗೆ ಬಂದು ಎರಡು ಮೂಲೆಗಳಲ್ಲಿ ಮಲಗುತ್ತಾರೆ. ತಾಯಿ ಕೌದಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಮಾಸ್ತರರು ಹಾಳೆ ತಿರುವಿದರು; ಹಿಂದೆ ಏನೂ ಇರಲಿಲ್ಲ. ಅವರ ಕೈ ತಾನಾಗಿಯೇ ಕಿಸೆಯ ಕೆಂಪು ಪೆನ್ನಿಗೆ ಹೋಯಿತು. "ಉತ್ತರ ಬರೆದಿಲ್ಲ. 3/10" ಎಂದು ಬರೆದು ಕೆಳಗೆ ಗೆರೆ ಎಳೆದರು. ಮೂವತ್ತೇಳು ವರ್ಷದ ಕೈ ಅದು; ಎದುರಿಗಿರುವುದು ವಾಚನಾಲಯದ ಪುಸ್ತಕ ಎಂಬುದು ಶಾಯಿ ಆರಿದ ಮೇಲೆ ನೆನಪಾಯಿತು.

ಅಳಿಸಬಹುದೇ ಎಂದು ನೋಡಲು ಮರುದಿನ ಮತ್ತೆ ತೆರೆದವರು ಮತ್ತೆ ಓದಿದರು. ಚಳಿಯಲ್ಲಿ ನಡುಗುವವರು ಇಬ್ಬರಲ್ಲ, ಮೂವರು ಎಂಬುದು ಆಗ ಕಂಡಿತು. ತಾಯಿಯನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೂರು ಹೊಡೆದು ಆರು ಮಾಡಿದರು. ಮೂರನೆಯ ಸಲ ಓದಿದಾಗ ಮೊದಲನೆಯ ಪುಟದಲ್ಲಿಯೇ ಒಂದು ಮಾತು ಸಿಕ್ಕಿತು: ಆ ಕೌದಿಯನ್ನು ಹೊಲಿದದ್ದು ಇಬ್ಬರೂ ಮಕ್ಕಳ ಬಾಲ್ಯದ ಅಂಗಿಗಳ ತುಂಡುಗಳಿಂದ. ಆರು ಹೊಡೆದು ಒಂಬತ್ತು ಬರೆದರು. ಅದರ ಪಕ್ಕದಲ್ಲಿ, ಸಣ್ಣ ಅಕ್ಷರಗಳಲ್ಲಿ, ತಮ್ಮ ಜೀವನದಲ್ಲಿ ಎಂದೂ ಬರೆಯದಿದ್ದ ಮಾತೊಂದನ್ನು ಬರೆದರು: "ಲೆಕ್ಕ ತಪ್ಪಿದ್ದು ಕಥೆಯದಲ್ಲ, ನನ್ನದು." ಕೆಳಗೆ, ರೂಢಿಯಂತೆ, ಸಹಿ ಹಾಕಿದರು.

ಭಾನುವಾರ ಬ್ಲೇಡಿನಿಂದ ಕೆರೆದರು. ಹಾಳೆ ತೆಳ್ಳಗಾಯಿತೇ ಹೊರತು ಶಾಯಿ ಹೋಗಲಿಲ್ಲ. ಸೋಮವಾರ ಒಂದು ದಿನದ ವಾಯಿದೆ ಕೇಳಲು ಬಾಯಿ ಬರಲಿಲ್ಲ. ಕಬ್ಬು ಕಡಿಯುವ ವಾರ ಒಂದು ದಿನ ತಡಮಾಡಿದ್ದ ಗುರಣ್ಣನನ್ನು ಎಲ್ಲರೆದುರು ನಿಲ್ಲಿಸಿ ಬೈದವರು ಅವರೇ. ಲಕೋಟೆಯಲ್ಲಿ ಪೇಪರು ಮಡಿಚಿಟ್ಟರು. ಮುಂದಿನ ಸರದಿ ಪಂಪು ರಿಪೇರಿ ಮಾಡುವ ಜಮೀರನದು. ಅವನು ಓದುವುದು ಶುಕ್ರವಾರ ರಜೆಯ ದಿನ. ಅಷ್ಟರೊಳಗೆ ಏನಾದರೂ ದಾರಿ ಹುಡುಕಿ ಬದಲಿಸಿದರಾಯಿತು ಎಂದು ಎಣಿಸಿದ್ದರು. ಜಮೀರ ಸೋಮವಾರವೇ ಲಕೋಟೆ ತೆರೆದ. ಮಂಗಳವಾರ ತಪಾಸಣೆಯ ಸುದ್ದಿ ಬಂದಿತು.

"ಖರೇ ಹೇಳು ಜಮೀರ," ಎಂದಳು ಅಂಗನವಾಡಿಯ ಜಯಮಾಲಾ. "ನಾಕನೇ ಕಥಿದು ಕಡೀ ಹಾಳಿ ತಗದು ಮೂರು ದಿನ ನನ್ನ ಸತಾಯಿಸಿದಿ. ಇದೂ ಹಂಗೇ ಏನು?"

"ಅಕ್ಕಾ, ಅದು ಚೇಷ್ಟಿ. ಇದು ಚೇಷ್ಟಿ ಅಲ್ಲ. ಅಲ್ಲಾ ಕಸಂ, ಲಕೋಟಿ ತಗದ್ರ ಪೇಪರ ಇತ್ತು."

"ಪೇಪರ ತಾನೇ ನಡಕೊಂತ ಬಂದು ಕುಂತಿತೇನಲೇ?" ಎಂದ ಗುರಣ್ಣ. "ನಾ ಮಾಸ್ತರಿಗೆ ಕೊಟ್ಟಾಗ ಕಥಿ ಪೂರಾ ಇತ್ತು. ಮಾಸ್ತರ ಕಡಿಂದ ನಿನ್ನ ಕಡೆ ಬಂದದ. ನಡುವ ಮತ್ಯಾರೂ ಇಲ್ಲ."

"ಹಂಗಂದ್ರ ಮಾಸ್ತರನ್ನೂ ಕೇಳ್ರಲ್ಲ!"

ಕೋಣೆಯಲ್ಲಿ ನಗು ಎದ್ದಿತು. ಗುರಣ್ಣ ತೊಡೆ ಬಡಿದುಕೊಂಡ. "ಸೂರ್ಯಾ ಪಡುವಣಕ್ಕ ಹುಟ್ಟಿದ ದಿನ ಕೇಳೂಣಂತ ತಗೋ."

ಮಾಸ್ತರರ ಒಳಗಿಸೆಯ ಹಾಳೆಗಳು ಪ್ರತಿ ಉಸಿರಿಗೂ ಎದೆಗೆ ಒತ್ತುತ್ತಿದ್ದವು. ಜಮೀರ ಅವರನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಂಶಯವಿರಲಿಲ್ಲ. ತನ್ನ ಪರವಾಗಿ ಮಾಸ್ತರರು ಒಂದು ಮಾತು ಆಡಿಯಾರು ಎಂಬ ಆಸೆಯಷ್ಟೇ ಇತ್ತು.

ಗೋಡೆಯ ಗಡಿಯಾರ ಐದಕ್ಕೆ ಐದು ನಿಮಿಷ ಕಡಿಮೆ ತೋರಿಸುತ್ತಿತ್ತು. ಸರ್ವರಬೇಗಂ ಎದ್ದು ದಾಖಲೆಯ ವಹಿ ತಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಇನ್ನ ನನಗ ದಾರಿ ಇಲ್ರಿ. ಪುಸ್ತಕ ಬಿಚ್ಚಿದಾಕಿ ನಾನು, ಅದನ್ನ ಬರ್ದು ಕೊಡ್ತೇನಿ. ಕಥಿ ಕಡೀಗೆ ಯಾರ ಕೈಯಾಗಿತ್ತು ಅನ್ನೂದೂ ಬರೀಬೇಕಾಗ್ತದ. ಕೋಷ್ಟಕ ನಿಮ್ದು, ಮಾಸ್ತರ. ನೀವೇ ಬರೀರಿ."

ವಹಿ ಅವರ ಮುಂದೆ ಬಂದಿತು. ಮಾಸ್ತರರು ಪೆನ್ನು ತೆಗೆದರು. ಕಿಸೆಯಲ್ಲಿದ್ದುದು ಒಂದೇ ಪೆನ್ನು, ಕೆಂಪು. ಜಮೀರ ತಲೆ ತಗ್ಗಿಸಿ ಅಂಗೈಯ ಎಣ್ಣೆಯ ಕಲೆ ಉಜ್ಜುತ್ತ ಕೂತ. ಗೋಡೆಯ ಕೋಷ್ಟಕದಲ್ಲಿ ಒಂಬತ್ತನೆಯ ವಾರದ ಸಾಲಿನಲ್ಲಿ, ಏಳು ಎಂಬ ಅಂಕಿ ಜಮೀರನ ಹೆಸರಿನ ನೇರಕ್ಕೇ ಇತ್ತು. ಕೋಷ್ಟಕ ಸರಿಯಾಗಿಯೇ ಇತ್ತು. ಕೋಷ್ಟಕ ನೋಡಿ ಬರೆದರೆ ಯಾರೂ ತಪ್ಪು ಹಿಡಿಯಲಾರರು. ಮೂವತ್ತೇಳು ವರ್ಷ ಅವರು ನಂಬಿದ್ದ ಮಾತೊಂದೇ: ಅಂಕಿ ಸುಳ್ಳು ಹೇಳುವುದಿಲ್ಲ.

ಅವರು ಬರೆದರು. ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಅಂಗಿಯ ಗುಂಡಿ ಬಿಚ್ಚಿ, ಒಳಗಿಸೆಯಿಂದ ಹೊಲಿದ ಹಾಳೆಗಳನ್ನು ತೆಗೆದು, ವಹಿಯ ಮೇಲಿಟ್ಟರು.

ಸರ್ವರಬೇಗಂ ವಹಿಯಲ್ಲಿ ಮಾಸ್ತರರ ಹೆಸರು ನೋಡಿದಳು, ಹಾಳೆ ನೋಡಿದಳು, ಮತ್ತೆ ವಹಿ ನೋಡಿದಳು. ಜಯಮಾಲಾ ಬಗ್ಗಿ, ಕೊನೆಯ ಪುಟದ ಕೆಂಪು ಬರಹವನ್ನು ಗಟ್ಟಿಯಾಗಿ ಓದತೊಡಗಿದವಳು, ಸಹಿಯ ತನಕ ಬರುವಷ್ಟರಲ್ಲಿ ದನಿ ಇಳಿಸಿದಳು. ಯಾರೂ ನಗಲಿಲ್ಲ.

"ನಾನೇ ಇಟ್ಟುಕೊಂಡಿದ್ದೆ," ಎಂದರು ಮಾಸ್ತರರು. "ಜಮೀರಂದು ಏನೂ ತಪ್ಪಿಲ್ಲ."

ಜಮೀರ ಎದ್ದು ಬಂದ. ಅವನ ಕಿವಿಗಳು ಕೆಂಪೇರಿದ್ದವು. "ಏಳನೇ ಕ್ಲಾಸಿನ್ಯಾಗ ಎರಡು ಮಾರ್ಕ್ಸ್ ಕಡಿಮಿ ಬಿತ್ತಂತ ನನ್ನ ನಪಾಸ ಮಾಡಿದ್ರಿ ಮಾಸ್ತರ. ನಮ್ಮಪ್ಪ ನಿಮ್ಮ ಮನೀ ಕಟ್ಟಿ ಮ್ಯಾಲೆ ಬಂದು ಕುಂತ್ರೂ ಒಂದು ಮಾರ್ಕ್ ಏರಿಸಲಿಲ್ಲ. ಈ ಕಥಿಗೆ ಮೂರಿದ್ದದ್ದು ಒಂಬತ್ತು ಮಾಡೀರಿ. ಅಂಥಾದ್ದೇನದ ಇದರಾಗ?"

"ಓದು."

"ಓದ್ತೇನಿ. ಈ ವಾರ ಸರದಿ ನಂದೇ ಅದ." ಹಾಳೆಗಳನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ನಿಂತ.

"ಜಮೀರ, ಬಸ್ಸಿನ ಹೊತ್ತಾತು!" ಸರ್ವರಬೇಗಂ ಕೂಗಿದಳು.

"ಮೂರು ದಿನ ಕಳ್ಳ ಅನಿಸಿಕೊಂಡೇನಿ ಆಪಾ. ಒಂಬತ್ತು ಪುಟ ತಡೀರಿ."

ಅವನು ಓದಿದ. ಕೈ ಹಾಕಿ ಕಸಿದುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಐದೂಕಾಲಿಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಧೂಳೆದ್ದಿತು, ಸದ್ದು ದೂರವಾಯಿತು. "ಹೋತ್ರಪೋ," ಎಂದ ಗುರಣ್ಣ ಸಣ್ಣಗೆ. ಸರ್ವರಬೇಗಂ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಜಮೀರ ಕಣ್ಣೆತ್ತಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದ ಮಾಸ್ತರರಿಗೆ, ಅವನು ಯಾವ ಸಾಲಿನಲ್ಲಿದ್ದಾನೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತಿತ್ತು. ಆರನೆಯ ಪುಟದಲ್ಲಿ ಅವನ ಹುಬ್ಬು ಗಂಟಿಕ್ಕಿತು. ತಮ್ಮದೂ ಅಲ್ಲಿಯೇ ಗಂಟಿಕ್ಕಿತ್ತು. ಕೊನೆಗೆ ಅವನೂ ಹಾಳೆ ತಿರುವಿ ಹಿಂಬದಿ ನೋಡಿದ.

"ಒಂದು ಮಾರ್ಕ್ ಯಾಕ ಹಿಡದೀರಿ?" ಎಂದು ಕೇಳಿದ.

"ಆಕಿ ಯಾರಿಗೆ ಹೊಚ್ಚಿದಳು ಅನ್ನೂದು ನನಗಿನ್ನೂ ತಿಳಿದಿಲ್ಲ."

"ಯಾರಿಗೂ ಇಲ್ರಿ. ಆ ಕೌದಿ ತನ್ನ ಮೈಮ್ಯಾಲೆ ಹೊಚ್ಚಿಕೊಂಡು ನಡುವ..."

"ಏ ಬಾಯಿ ಮುಚ್ಚಲೇ! ನಂದು ಇನ್ನ ಮುಂದಿನ ವಾರದ!" ಎಂದು ಜಯಮಾಲಾ ಎರಡೂ ಕಿವಿ ಮುಚ್ಚಿಕೊಂಡಳು.

ಆಗ ಒಬ್ಬಿಬ್ಬರು ನಕ್ಕರು. ಜಮೀರ ನಗಲಿಲ್ಲ. ಏಳನೆಯ ಲಕೋಟೆಯ ಪೇಪರು ತೆಗೆದೊಗೆದು, ಅದರಲ್ಲಿ ಕಥೆ ಇಟ್ಟು, ಹನ್ನೆರಡನ್ನೂ ಚೀಲಕ್ಕೆ ಹಾಕಿದ. "ಗಾಡಿ ಮ್ಯಾಲೆ ಒಯ್ತೇನಿ. ಮಾಸ್ತರ, ಹಿಂದ ಕುಂದರ್ರಿ. ಈ ಕೆಂಪು ಶಾಯಿ ಯಾರ್ದಂತ ಗನಿ ಚಾಚಾ ಕೇಳಿದ್ರ ನಾ ಹೇಳಂಗಿಲ್ಲ. ನೀವೇ ಹೇಳ್ರಿ."

ಅಫಜಲಪುರದವರೆಗೂ ಹಿಂದೆ ಕೂತ ಮಾಸ್ತರರು ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು.

ಶನಿವಾರ ಸಾಹೇಬರು ಬಂದು ಪಟ್ಟಿ ಹಿಡಿದು ಒಂದೊಂದೇ ಪುಸ್ತಕ ನೋಡಿದರು. ಹೊಸ ಬೈಂಡಿನ ಸಂಕಲನ ಕೈಗೆ ಬಂದಾಗ ಪುಟ ಎಣಿಸಿದರು, ಸರಿಯಿತ್ತು. ನಡುವೆ ಒಂದು ಕಡೆ ಅವರ ಬೆರಳು ನಿಂತಿತು.

"ಇದನ್ನ ಯಾರು ಬರೆದದ್ದು?"

ಸರ್ವರಬೇಗಂ ಬಾಯಿ ತೆರೆಯುವ ಮೊದಲೇ ಮೂಲೆಯ ಬೆಂಚಿನಿಂದ ಮಾಸ್ತರರು ಎದ್ದು ನಿಂತರು. "ನಾನು. ಸಹಿ ಇದೆ, ನೋಡಿ. ಪುಸ್ತಕ ಬಿಡಿಸಿ ಹಂಚಿದ್ದೂ ನನ್ನ ಮಾತಿನ ಮೇಲೆ. ಈಕೆಯ ಬೆನ್ನು ಹತ್ತಿ ಒಪ್ಪಿಸಿದವನು ನಾನು."

ಸಾಹೇಬರು ಕನ್ನಡಕ ಏರಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ವಹಿ ಎಳೆದುಕೊಂಡು ಎರಡು ಸಾಲು ಬರೆದರು. ಪುಸ್ತಕ ಪೂರ್ತಿ ಇದೆ. ಪುಟ ಕೆಡಿಸಿದ ಸದಸ್ಯರ ಕಾರ್ಡು ರದ್ದು. ಸರ್ವರಬೇಗಂಳಿಗೆ ಬಾಯಿಮಾತಿನ ಎಚ್ಚರಿಕೆ, ನೋಟೀಸು ಇಲ್ಲ. ಮಾಸ್ತರರು ಕಾರ್ಡನ್ನು ತಾವೇ ಎರಡು ತುಂಡು ಮಾಡಿ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಹನ್ನೆರಡರಲ್ಲಿ ಎಂಟು ಓದಿಯಾಗಿತ್ತು, ಒಂಬತ್ತನೆಯದು ಅರ್ಧಕ್ಕೇ ವಾಪಸು ಹೋಗಿತ್ತು. ಮನೆಯ ತನಕ ಅವರ ತಲೆಯಲ್ಲಿ ಆ ಬಾಕಿಯೊಂದೇ ಸುತ್ತುತ್ತಿತ್ತು.

ಸೋಮವಾರ, ಅದಲುಬದಲಿಗೆ ಏನೂ ಇಲ್ಲದಿದ್ದರೂ, ಕಾಲುಗಳು ವಾಚನಾಲಯದ ಕಡೆಗೇ ನಡೆದವು. ಬಾಗಿಲಲ್ಲಿ ನಿಂತರು. ಒಳಗೆ ಜಮೀರ ಪಂಪಿನ ವಾಶರ್ ಒಂದನ್ನು ಗುರುತಿಗೆ ಇಟ್ಟು, ಸಂಕಲನ ಮುಚ್ಚಿ ಎದ್ದ. ಅವರನ್ನು ನೋಡಿದ, ಪುಸ್ತಕವನ್ನು ಕಪಾಟಿಗೆ ಒಯ್ಯದೆ ಮೇಜಿನ ಮೇಲೆ, ಖಾಲಿ ಕುರ್ಚಿಯ ಎದುರಿಗೆ ಇಟ್ಟು ಹೋದ.

"ಮನೀಗೆ ಒಯ್ಯಾಕ ಬರಂಗಿಲ್ಲ," ಎಂದಳು ಸರ್ವರಬೇಗಂ ವಹಿಯಿಂದ ತಲೆ ಎತ್ತದೆ. "ಇಲ್ಲೇ ಕುಂತು ಓದಾಕ ಕಾರ್ಡ್ ಬೇಕಾಗಿಲ್ಲ."

ಮಾಸ್ತರರು ಕುರ್ಚಿ ಎಳೆದು ಕೂತು ಪುಸ್ತಕ ತೆರೆದರು. ಅರ್ಧಕ್ಕೆ ಬಿಟ್ಟ ಸಾಲು ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಮೇಜಿನ ಆ ಕಡೆಯಿಂದ ಸರ್ವರಬೇಗಂಳ ಅಂಗೈ ಅವರ ಮುಂದೆ ಚಾಚಿಕೊಂಡಿತು.

"ಪೆನ್ನು ಕೊಡ್ರಿ ಮಾಸ್ತರ. ಹೋಗೂ ಮುಂದ ವಾಪಸ್ ಕೊಡ್ತೇನಿ."

ಅವರು ಕೊಟ್ಟರು.